ಕಾಕಾನ ಕಡೆಯ ಗಿರಾಕಿ

ಕಾಕಾ ತೀರಿಕೊಂಡ ದಿನ ನಮಗೆ ಅರಿವೆ ಸಿಗಲಿಲ್ಲ. ರೋಣದ ಪೇಟೆಯಲ್ಲಿ ಆಯುಷ್ಯವೆಲ್ಲ ಅರಿವೆ ಮಾರಿದ ಮನುಷ್ಯ ನಸುಕಿನಲ್ಲಿ ಕಣ್ಣು ಮುಚ್ಚಿದರೆ, ಅವರಿಗೆ ಉಡಿಸಲು ಒಂದು ಹೊಸ ಧೋತರಕ್ಕಾಗಿ ಅವರ ಅಣ್ಣನ ಮಗ ಊರೆಲ್ಲ ಅಲೆದ. ಬಸ್ ಸ್ಟ್ಯಾಂಡಿನ ಹತ್ತಿರದ ಗಾಜಿನ ಬಾಗಿಲಿನ ಬಟ್ಟೆ ಅಂಗಡಿ ತೆರೆಯುವುದು ಹೊತ್ತೇರಿದ ಮೇಲೆ. ಅದರ ಮಾಲೀಕರು ಇರುವುದು ಗದಗಿನಲ್ಲಿ, ಫೋನು ಎತ್ತಲಿಲ್ಲ. ಮನೆಯಲ್ಲಿ ಕೂತಿದ್ದ ತರುಣನೊಬ್ಬ ಅಭ್ಯಾಸಬಲದಿಂದ ಮೊಬೈಲು ತೆಗೆದು, ಬೆರಳಾಡಿಸಿ, "ಗುರುವಾರ ಬರ್ತೈತಂತ" ಅಂದ. ಅವತ್ತು ಸೋಮವಾರ. ಹಾಗೆ ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತಾಗಿ ಮೊಬೈಲನ್ನು ಕಿಸೆಗೆ ಹಾಕಿ ಹೊರಗೆ ಎದ್ದುಹೋದ. ಕಡೆಗೆ ಗದಗಿನಿಂದ ಬರುವ ನೆಂಟರೊಬ್ಬರು ದಾರಿಯಲ್ಲಿ ಕೊಂಡು ತಂದರು. ಅಲ್ಲಿಯತನಕ ಕಾಕಾ ಹಳೆಯ ಚಾದರದ ಕೆಳಗೆ ಮಲಗಿದ್ದರು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ಅವರು ನನಗೆ ಬಂಧುವಲ್ಲ, ಬಳಗವಲ್ಲ. ರೋಣದ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬಂದಾಗ ಅವರ ಅಂಗಡಿಯ ಎದುರಿನ ಮನೆ ಬಾಡಿಗೆಗೆ ಸಿಕ್ಕಿತು. ನಿವೃತ್ತಳಾದ ಮೇಲೂ ಅಲ್ಲೇ ಉಳಿದೆ. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಬಾಗಿಲು. ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಚಿಗವ್ವ. ಮಕ್ಕಳಿರಲಿಲ್ಲ. ನಾನು ಊರಿಗೆಲ್ಲ ಅಕ್ಕೋರು. ಟೀಚರುಗಳನ್ನು ನಮ್ಮ ಕಡೆ ಕರೆಯುವುದು ಹಾಗೆ.

ಕಾಕಾ ಕರ್ರಗೆ, ಎತ್ತರ. ಮೀಸೆ ನೋಡಿದರೆ ಮಕ್ಕಳು ತಾಯಿಯ ಹಿಂದೆ ಅಡಗಬೇಕು, ಹಾಗಿತ್ತು. ಇಂಥ ಮನುಷ್ಯ ಗಿರಾಕಿಗೆ ಸೀರೆ ತೋರಿಸುವಾಗ ಅದನ್ನು ತಮ್ಮ ಹೆಗಲ ಮೇಲೇ ಹಾಕಿಕೊಂಡು, ಸೆರಗನ್ನು ಮುಂದೆ ಇಳಿಬಿಟ್ಟು, ಎಳ್ಳಷ್ಟೂ ನಗದೆ ನಿಲ್ಲುತ್ತಿದ್ದರು. ಹೊಸಬರು ಕಿಸಕ್ಕೆಂದರೆ, "ನಗಬ್ಯಾಡ್ರಿ, ನನ್ನ ಮ್ಯಾಲ ಚೆಂದ ಕಂಡದ್ದು ಯಾರ ಮ್ಯಾಲೂ ಚೆಂದ ಕಾಣತೈತಿ" ಅನ್ನುವರು. ಸೀರೆಯನ್ನು ದೂರದಿಂದ ನೋಡಿ ಆರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಕಣ್ಣೀಲೆ ಆರಸಬ್ಯಾಡ್ರೆವಾ, ಕೈಲೆ ಆರಸ್ರಿ. ಕಣ್ಣಿಗೇನು, ಎಲ್ಲಾನೂ ಚೆಂದನ ಕಾಣತಾವ" ಎಂದು ಅಂಚನ್ನು ಅವರ ಅಂಗೈಗೇ ತುರುಕುತ್ತಿದ್ದರು.

ಒಮ್ಮೆ ನಾನೊಂದು ಗಿಣಿಹಸಿರು ಸೀರೆಗೆ ಮನಸೋತೆ. ಕಾಕಾ ಕೊಡಲೊಲ್ಲರು. "ಅಕ್ಕೋರ, ಇದನ್ನ ಉಟ್ಕೊಂಡು ಸಾಲಿಗಿ ಹೋದ್ರ ಹುಡುಗ್ಯಾರು ಪಾಠ ಕೇಳಂಗಿಲ್ಲ, ನಿಮ್ಮನ್ನ ನೋಡ್ಕೊಂತ ಕೂಡ್ತಾರ." ನನ್ನ ಹಟ ಗೊತ್ತಲ್ಲ, ಒಯ್ದೇ ಬಿಟ್ಟೆ. ಮರುದಿನದಿಂದ ಶಾಲೆಯಲ್ಲಿ ನನಗೆ ಗಿಣಿ ಅಕ್ಕೋರು ಎಂಬ ಹೆಸರು ಬಿತ್ತು. ಕೆಲಸ ಬಿಡುವವರೆಗೂ ಅದು ಬಿಡಲಿಲ್ಲ.

ಗಿರಾಕಿಯೇ ದೇವರು ಎಂದು ಬರೆದ ಹಲಗೆಯನ್ನು ಯಾರೋ ಕಂಪನಿಯವರು ಪುಕ್ಕಟೆ ಕೊಟ್ಟಿದ್ದರು. ಕಾಕಾ ಅದನ್ನು ತೂಗುಹಾಕಲಿಲ್ಲ. "ದೇವರು ಯಾವಾಗರ ಮಾತಾಡ್ತಾನೇನ್ರಿ? ಗಿರಾಕಿ ಬೀಗರಿದ್ದಂಗ. ಕುಂಡ್ರಸಬೇಕು, ಚಾ ಕುಡಸಬೇಕು, ಅಂದದ್ದನ್ನ ಅನಿಸಿಕೋಬೇಕು, ಮತ್ತ ಬರ್ರಿ ಅನ್ನಬೇಕು."

ಮದುವೆ ಗೊತ್ತಾದ ಮೇಲೆ ಎರಡೂ ಮನೆಯವರು ಕೂಡಿ ಬಟ್ಟೆ ತೆಗೆಯಲು ಹೋಗುವುದನ್ನು ನಮ್ಮಲ್ಲಿ ಜವಳಿ ಅನ್ನುತ್ತಾರೆ. ಜವಳಿಗೆ ಬಂದವರೆಂದರೆ ಕಾಕಾನ ಅಂಗಡಿಯ ಗಾದಿಯ ಮೇಲೆ ಕೂರಲು ಜಾಗ ಇರುತ್ತಿರಲಿಲ್ಲ. ಪಕ್ಕದ ಹೋಟೆಲಿನಿಂದ ಗಿರಮಿಟ್ಟು, ಮಿರ್ಚಿ ಬರುವವು. ಇಂಥ ಕಡೆ ಒಬ್ಬಳಾದರೂ ಮುನಿಸಿಕೊಳ್ಳದೆ ಇರುವುದಿಲ್ಲ. ಬೀಗತನದ ಮೊದಲ ಜಗಳ ಸೀರೆಯಿಂದಲೇ ಶುರು. ಮದುಮಗಳ ಸೀರೆಯನ್ನು ಕಟ್ಟುವ ಮುಂಚೆ ಕಾಕಾ ಅದನ್ನು ಅಲ್ಲಿರುವ ಪ್ರತಿಯೊಬ್ಬ ಹೆಂಗಸಿನ ಕೈಗೂ ಕೊಡುತ್ತಿದ್ದರು. ಮುನಿಸಿಕೊಂಡು ಮೂಲೆಯಲ್ಲಿ ಕೂತವಳಿಗೆ ಎಲ್ಲರಿಗಿಂತ ಕಡೆಗೆ. "ನೀವು ಕೈ ಹಚ್ಚಲಿಲ್ಲಂದ್ರ ನಾ ಕಟ್ಟಂಗಿಲ್ರಿ ಮತ್ತ" ಎಂದು ಅವಳ ಮುಂದೆ ಮಂಡಿಯೂರಿ ಕೂರುವರು. ಅಷ್ಟು ದೊಡ್ಡ ಮೀಸೆ ಮುಂದೆ ಬಂದು ಕೂತರೆ ಯಾರು ತಾನೇ ಮುಖ ಗಂಟು ಹಾಕಿಕೊಂಡಿರಲು ಸಾಧ್ಯ? ಅವಳೂ ಮುಟ್ಟುವಳು, ನಗುವಳು. ಆಮೇಲೆಯೇ ಸೀರೆಗೆ ಕುಂಕುಮ ಹಚ್ಚಿ ಕಟ್ಟುತ್ತಿದ್ದರು.

ಆ ಅಂಗಡಿಗೆ ಇನ್ನೊಂದು ಬಗೆಯ ಗಿರಾಕಿ ಬರುತ್ತಿದ್ದರು. ಅಂತ್ಯಕ್ರಿಯೆಗೆ ನಮ್ಮಲ್ಲಿ ಮಣ್ಣು ಅನ್ನುತ್ತಾರೆ. ಮಣ್ಣಿನ ಅರಿವೆಗೆ ಬಂದವರನ್ನು ಕಾಕಾ ನೋಟದಲ್ಲೇ ಗುರುತಿಸುತ್ತಿದ್ದರು. ಅವರು ಗಾದಿಯ ಮೇಲೆ ಕೂರುವುದಿಲ್ಲ. ಆಗ ಕಾಕಾನೂ ಎದ್ದು ನಿಲ್ಲುವರು. ಯಾರು, ಏನಾಗಿತ್ತು ಎಂದು ಕೇಳರು. "ಗಂಡಸರೋ ಹೆಣ್ಣುಮಕ್ಕಳೋ?" ಇಷ್ಟೇ ಮಾತು. ಮುತ್ತೈದೆ ಹೋಗಿದ್ದರೆ ಹಸಿರು ಸೀರೆ. ಕಡೆಯ ಸೀರೆ ತವರಿನಿಂದಲೇ ಬರಬೇಕು, ಆದ್ದರಿಂದ ಅದನ್ನು ಒಯ್ಯಲು ಅಣ್ಣನೋ ತಮ್ಮನೋ ಬಂದಿರುತ್ತಿದ್ದ. ಕಾಕಾ ಅದನ್ನು ಅಂಗಡಿಯ ಹೆಸರಿನ ಚೀಲದಲ್ಲಿ ಹಾಕುತ್ತಿರಲಿಲ್ಲ, ಬರಿ ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಡುತ್ತಿದ್ದರು. ಮತ್ತೆ ಬರ್ರಿ ಎಂಬ ಮಾತಂತೂ ಬಾಯಿಯಿಂದ ಬರುತ್ತಲೇ ಇರಲಿಲ್ಲ. ಆ ಅರಿವೆಗಳೆಲ್ಲ ಹಿಂದಿನ ಕಪಾಟಿನಲ್ಲಿ, ಪರದೆಯ ಮರೆಯಲ್ಲಿ ಇರುತ್ತಿದ್ದವು, ಮದುಮಕ್ಕಳ ಕಣ್ಣಿಗೆ ಬೀಳಬಾರದೆಂದು.

ಕೈಮಗ್ಗದ ಸೀರೆಗಳನ್ನು ಅವರು ಗಜೇಂದ್ರಗಡದಿಂದ ತಾವೇ ಹೋಗಿ ತರುತ್ತಿದ್ದರು. ಒಮ್ಮೆ ನಾನೂ ಬಸ್ಸು ಹತ್ತಿದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ನೇಕಾರರ ಮನೆ. ಗಂಡ ನೂಲು ಸುತ್ತುತ್ತಿದ್ದ, ಹೆಂಡತಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಸಣ್ಣ ಜೀವ. ಕಾಕಾ ಬಂದರೆಂದು ಏಳಲಿಲ್ಲ, ಲಾಳಿ ನಿಲ್ಲಿಸಲಿಲ್ಲ. ಬಾಯಿ ಮಾತ್ರ ಶುರುವಾಯಿತು. "ಹ್ವಾದ ಸಲದ ಸೀರಿ ಯಾರು ಒಯ್ದ್ರರಿ? ಹುಡುಗಿ ಕೆಂಪಗಿದ್ಲೋ ಕಪ್ಪಗಿದ್ಲೋ?" ತಾನು ನೇಯ್ದದ್ದನ್ನು ಯಾರು ಉಟ್ಟರೆಂದು ತಿಳಿಯದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಾಕಾ ಒಂದೊಂದನ್ನೂ ಹೇಳಿದರು: ಇಂಥ ಊರಿಗೆ ಹೋಯಿತು, ಮದುಮಗಳು ಇಂಥವಳು. ತಿಳಿಯದ ಕಡೆ ಚೆಂದ ಮಾಡಿ ಸುಳ್ಳು ಹೇಳಿದ್ದನ್ನೂ ನಾನು ಕೇಳಿಸಿಕೊಂಡೆ.

ಆಮೇಲೆ ಮೊಬೈಲು ಬಂತು. ಬಂದ ಹೊಸದರಲ್ಲಿ ಅದರಿಂದ ಕಾಕಾನಿಗೆ ಮೋಜೇ. ಹುಡುಗಿಯರು ಚಿತ್ರ ತೋರಿಸಿ, "ಇಂಥಾದ್ದು ಐತೇನ್ರಿ ಕಾಕಾ?" ಅನ್ನುವರು. ಕಾಕಾ ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಗಾಜನ್ನು ಮುಟ್ಟಿ, "ನುಣ್ಣಗೈತಿ ಬಿಡವಾ" ಅನ್ನುವರು. ನಂತರ ಅವರು ಬಂದು, ಹತ್ತು ಸೀರೆ ಬಿಚ್ಚಿಸಿ, ಮುಟ್ಟಿ ನೋಡಿ, ಫೋಟೋ ತೆಗೆದುಕೊಂಡು, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸತೊಡಗಿದರು. ತರಿಸಿದ ಸೀರೆಗೆ ಹೊಂದುವ ಕುಬಸದ ಬಟ್ಟೆಗೆ ಮತ್ತೆ ಕಾಕಾನ ಕಡೆಗೇ ಬರುವರು. ನಾನೂ ತರಿಸಿದ್ದೇನೆ, ಸುಳ್ಳು ಯಾಕೆ. ನನಗಾದರೆ ಮೈ ಉರಿಯುತ್ತಿತ್ತು, ಕಾಕಾ ಮಾತ್ರ ಕುಬಸದ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಬಣ್ಣ ಹೊಂದಿಸಿ ಕೊಡುತ್ತಿದ್ದರು.

ಕೊರೊನಾ ಬಂದು ಪೇಟೆಯ ಬಾಗಿಲುಗಳೆಲ್ಲ ಮುಚ್ಚಿದವು. ಮದುವೆಗಳು ಮನೆಯ ಅಂಗಳದಲ್ಲೇ ನಡೆದವು, ಜವಳಿ ಎಂಬುದೇ ನಿಂತಿತು, ಮೊಬೈಲು ಬರದವರೂ ಕಲಿತರು. ಸಾವು ಮಾತ್ರ ನಿಲ್ಲಲಿಲ್ಲ. ಕಾಕಾನ ಹಿತ್ತಿಲ ಬಾಗಿಲನ್ನು ಜನ ತಟ್ಟುವರು. ಕಾಕಾ ಇಲ್ಲ ಎನ್ನಲಿಲ್ಲ. ಒಮ್ಮೆ ಪೊಲೀಸಪ್ಪ ಬಂದು ಗದರಿದಾಗ, "ಸಾಹೇಬ್ರ, ಸತ್ತವರನ್ನ ಬರಿಮೈಲೆ ಕಳಸಾಕ ಬರ್ತೈತೇನ್ರಿ?" ಎಂದು ಕೇಳಿದರು. ಅವನು ಆಚೆ ಮುಖ ತಿರುವಿ ಹೊರಟುಹೋದ.

ಪೇಟೆ ಮತ್ತೆ ತೆರೆಯಿತು, ಮದುವೆಯವರು ತಿರುಗಿ ಬರಲಿಲ್ಲ. ದುಡ್ಡಿದ್ದವರು ಗದಗ, ಹುಬ್ಬಳ್ಳಿಗೆ, ಉಳಿದವರು ಮೊಬೈಲಿಗೆ. ಕಾಕಾನ ಅಂಗಡಿಗೆ ಬಂದವರು ಮಣ್ಣಿನ ಅರಿವೆಯವರು ಮಾತ್ರ. ಪಾರ್ಸೆಲ್ಲು ಬರಲು ದಿನಗಳು ಬೇಕು, ಹೆಣ ಅಷ್ಟು ದಿನ ಕಾಯುವುದಿಲ್ಲ. ಮೆಲ್ಲಗೆ ಹಿಂದಿನ ಕಪಾಟಿನ ಅರಿವೆಗಳು ಮುಂದಕ್ಕೆ ಬಂದವು, ಪರದೆ ಬಿಚ್ಚಿ ಹೋಯಿತು. ಊರು ಅದಕ್ಕೊಂದು ಹೆಸರನ್ನೂ ಇಟ್ಟಿತು: ಮಣ್ಣಿನ ಅಂಗಡಿ. ಹೆಸರಿಡುವುದರಲ್ಲಿ ನಮ್ಮ ಊರಿನವರದು ಎತ್ತಿದ ಕೈ.

ಹೀಗಿರುವಾಗ ಒಂದು ಬೆಳಿಗ್ಗೆ ಜವಳಿಯವರು ಬಂದರು. ಹುಡುಗಿಯ ತಾಯಿ ತನ್ನ ಮದುವೆಯ ಸೀರೆಯನ್ನು ಕಾಕಾನಲ್ಲೇ ಒಯ್ದವಳು, ಆ ನೆನಪಿಗೆ ನರಗುಂದದ ಬೀಗರನ್ನೂ ಕರೆತಂದಿದ್ದಳು. ಕಾಕಾ ನಿಂತಲ್ಲಿ ನಿಲ್ಲಲಾರದಾದರು. ಚಿಗವ್ವ ನನ್ನನ್ನು ಕೂಗಿ ಕರೆದಳು, ಗಿರಮಿಟ್ಟು ಹಂಚಲು. ಕಾಕಾ ಹೆಗಲ ಮೇಲೆ ಒಂದು ಸೀರೆ ಹಾಕಿಕೊಂಡು, ಸೆರಗು ಬಿಟ್ಟು ನಿಂತಿದ್ದರು. ಅಷ್ಟರಲ್ಲಿ ಹುಡುಗನ ಸೋದರತ್ತೆ ಅಂಗಡಿಯ ಸುತ್ತ ನೋಡಿ, ಮುಂದಿನ ಕಪಾಟಿನ ಬಿಳಿ ಅರಿವೆಗಳನ್ನು ನೋಡಿ, ಪಕ್ಕದವಳಿಗೆ ಅಂದಳು:

"ನಮ್ಮ ಅತ್ತಿ ಹೋದಾಗ ಸೀರಿ ಇಲ್ಲಿಂದನ ತಂದಿದ್ರಲ್ಲ? ಇದು ಅದ ಅಂಗಡಿ ಅಲ್ಲೇನ?"

ಮೆಲ್ಲಗೇ ಅಂದಳು. ಎಲ್ಲರಿಗೂ ಕೇಳಿಸಿತು. ಗಾದಿಯ ಮೇಲಿದ್ದವರು ಒಬ್ಬೊಬ್ಬರಾಗಿ ಸೀರೆ ಸರಿಪಡಿಸಿಕೊಳ್ಳುವವರಂತೆ ಎದ್ದರು. ತಾಯಿ ತಲೆ ಎತ್ತದೆ, "ಊಟಾ ಮಾಡ್ಕೊಂಡು ಬರ್ತೀವ್ರಿ ಕಾಕಾ" ಅಂದಳು. ಗಿರಮಿಟ್ಟಿನ ತಾಟುಗಳು ನನ್ನ ಕೈಯಲ್ಲೇ ಉಳಿದವು. ಕಾಕಾ ಹೆಗಲ ಮೇಲಿನ ಸೀರೆ ತೆಗೆಯುವುದನ್ನು ಮರೆತು, ಖಾಲಿ ಗಾದಿಯ ಮುಂದೆ ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಚಿಗವ್ವ ಅಂದಳು, "ನಾಳಿಂದ ಮಣ್ಣಿನ ಅರಿವಿ ಇಲ್ಲ ಅಂದುಬಿಡ್ರಿ."

"ಇಲ್ಲ ಅಂದ್ರ ಅವರು ಎಲ್ಲಿಗಿ ಹೋಗಬೇಕು?"

"ಹಂಗಾರ ಅಂಗಡಿನ ಮುಚ್ಚಿಬಿಡ್ರಿ. ಎದಕ್ಕ ಇಟ್ಕೊಂಡು ಕುಂತೀರಿ?"

ಕಾಕಾ ಸೀರೆಯನ್ನು ಮಡಿಚುತ್ತ ಹೇಳಿದರು, "ಮುಚ್ಚತೀನಿ. ನಮ್ಮಪ್ಪ ಅಂಗಡಿ ತೆರದಾಗ ಬೋಣಿಗಿ ಮಾಡಿದವರು ಲಗ್ನದವರು. ಕಡೀ ಗಿರಾಕಿ ಮಣ್ಣಿನವರು ಆಗಬಾರದು. ಒಂದು ಲಗ್ನದ ಸೀರಿ ಕೊಟ್ಟು, ಅದರ ಹಿಂದನ ಬಾಗಲಾ ಹಾಕತೀನಿ."

ಅಲ್ಲಿಂದ ಶುರುವಾಯಿತು ಅವರ ಕಾಯುವಿಕೆ. ಮೇಲಿನ ಕಪಾಟಿನಲ್ಲಿ ಒಂದು ಸೀರೆ ಎತ್ತಿಟ್ಟರು. ಕುಂಕುಮದ ಬಣ್ಣದ್ದು, ಗಜೇಂದ್ರಗಡದ ಆ ಸಣ್ಣ ಜೀವದ ಕೈಯದು. ಅವಳಿಗೆ ಕಣ್ಣು ಮಂದವಾಗಿ ಮಗ್ಗ ನಿಂತಿತ್ತು. ಅವಳು ನೇಯ್ದದ್ದರಲ್ಲಿ ಉಳಿದದ್ದು ಅದೊಂದೇ. ಮದುವೆಯ ದಿನಗಳು ಬಂದವು, ಹೋದವು. ಬಾಜಾ ಬಜಂತ್ರಿ ಅಂಗಡಿಯ ಮುಂದಿನಿಂದಲೇ ಹಾಯ್ದು ಹೋಗುವುದು, ಕಾಕಾ ಮೆಟ್ಟಿಲ ಮೇಲೆ ನಿಂತು ಮದುಮಗಳ ಸೀರೆ ನೋಡುವರು. ದಿನಾ ಬರುತ್ತಿದ್ದವನೆಂದರೆ ಬೈಕಿನ ಮೇಲೆ ದೊಡ್ಡ ಚೀಲ ಹೊತ್ತ ಪಾರ್ಸೆಲ್ಲಿನವನು. ಅವನಿಗೆ ಮನೆಗಳು ಸಿಗುವುದಿಲ್ಲ. ನಮ್ಮ ಓಣಿಗಳಿಗೆ ನಂಬರೇ ಇಲ್ಲ. ಕಾಕಾ ಮೆಟ್ಟಿಲಿಳಿದು ಬಂದು, ಆ ಬೇವಿನ ಗಿಡ, ಆಮೇಲೆ ಎಡಕ್ಕೆ ಎಂದು ಕೈ ಮಾಡಿ ತೋರಿಸುವರು.

ನಾನು ಸುಮ್ಮನಿರಲಾರದೆ ಅಂದೆ, "ಕಾಕಾ, ಕಡಿಯಾಕ ಬಂದವನ ಕೈಯಾಗ ಕೊಡ್ಲಿ ಕೊಟ್ಟಂಗಾತಲ್ರಿ."

"ಅಂವಗೂ ಹೊಟ್ಟಿ ಐತ್ಯಲ್ರಿ ಅಕ್ಕೋರ. ಬಿಸಲಾಗ ಎಷ್ಟು ತಿರಗತಾನ, ಪಾಪ."

ಒಮ್ಮೆ ನಾನೇ ಒಂದು ಆಟ ಹೂಡಿದೆ. ತಂಗಿಯ ಮಗಳಿಗೆ ಮದುವೆ ಗೊತ್ತಾಗಿದೆ, ಸೀರೆ ಕೊಡಿ ಅಂದೆ. ಕಾಕಾನ ಕೈ ಮೇಲಿನ ಕಪಾಟಿಗೆ ಹೋಯಿತು. ಅರ್ಧಕ್ಕೆ ನಿಂತು, ನನ್ನ ಮುಖ ನೋಡಿದರು.

"ಹುಡುಗಿ ಎಲ್ಲದಾಳ್ರಿ? ಬೀಗತಿ ಎಲ್ಲದಾರ?"

ನಾನು ತೊದಲಿದೆ. ಕಾಕಾ ನಕ್ಕು ಕೆಳಗಿನ ಕಪಾಟಿನಿಂದ ಬೇರೊಂದು ಸೀರೆ ತೆಗೆದುಕೊಟ್ಟರು. "ಉಟಗೋರಿ ನೀವು. ಆದ್ರ ಇದನ್ನ ನಾ ಲಗ್ನದ ಗಿರಾಕಿ ಅಂತ ಹಿಡಿಯಂಗಿಲ್ಲ."

ಕೊನೆಗೂ ಬಂದದ್ದು ಹೊಳೆಆಲೂರಿನ ಕಡೆಯ ತಾಯಿ, ಮಗಳು. ಮರುದಿನ ಮದುವೆ. ಮೊಬೈಲಿನಲ್ಲಿ ತರಿಸಿದ ಸೀರೆ ಅವತ್ತು ಬೆಳಿಗ್ಗೆಯಷ್ಟೇ ಕೈಸೇರಿತ್ತು. ಚಿತ್ರದಲ್ಲಿ ರೇಷ್ಮೆ, ಕೈಯಲ್ಲಿ ಉಳ್ಳಾಗಡ್ಡಿ ಸಿಪ್ಪೆ. ತಿರುಗಿ ಕಳಿಸಿ ಬೇರೆ ತರಿಸಲು ಹೊತ್ತಿಲ್ಲ. ತಾಯಿ ಮಗಳನ್ನು ದಾರಿಯುದ್ದ ಬೈದುಕೊಂಡೇ ಬಂದಂತಿತ್ತು, ಹುಡುಗಿಯ ಕಣ್ಣು ಊದಿದ್ದವು. ಅವರಿಗೆ ಅಂಗಡಿಯ ಹೆಸರು ಗೊತ್ತಿರಲಿಲ್ಲ, ಬಾಗಿಲು ತೆರೆದದ್ದು ಕಂಡು ಹತ್ತಿದ್ದರು.

ನಾನಾಗಿದ್ದರೆ ಎರಡು ಮಾತು ಆಡಿಯೇ ತೀರುತ್ತಿದ್ದೆ. ಕಾಕಾ ಆ ಪಾರ್ಸೆಲ್ಲಿನ ಸೀರೆಯನ್ನೂ ಅಂಚಿಗೆ ಅಂಚು ಕೂಡಿಸಿ ಚೆಂದಾಗಿ ಮಡಿಚಿ, "ಮನ್ಯಾಗ ಉಡಾಕ ಆಗತೈತಿ ಇಡವಾ, ಅಳಬ್ಯಾಡ" ಎಂದು ಚೀಲದಲ್ಲಿಟ್ಟರು. ಮೇಲಿನ ಕಪಾಟಿನಿಂದ ಕುಂಕುಮದ ಬಣ್ಣದ್ದನ್ನು ಇಳಿಸಿ ಹೆಗಲಿಗೆ ಹಾಕಿಕೊಂಡು ನಿಂತರು. ಹುಡುಗಿ ನೋಡಿದಳು. ಮುಟ್ಟಿದಳು. ಅಷ್ಟು ಅತ್ತವಳ ಮುಖದಲ್ಲಿ ನಗು ಬಂತು, ಮೀಸೆಗೋ ಸೀರೆಗೋ ತಿಳಿಯಲಿಲ್ಲ. ಇಬ್ಬರೇ ಬಂದಿದ್ದರಲ್ಲ, ಕಾಕಾನಿಗೆ ಅದು ಸಾಲಲಿಲ್ಲ. ಚಿಗವ್ವನನ್ನೂ ನನ್ನನ್ನೂ ಕೂಗಿ ಕರೆದರು. "ಬರ್ರಿ, ನೀವೂ ಕೈ ಹಚ್ಚರಿ. ಹುಡುಗಿಗಿ ಬಳಗ ಕಡಿಮಿ ಆಗಬಾರದು." ನಾವೂ ಮುಟ್ಟಿದೆವು. ಕುಂಕುಮ ಹಚ್ಚಿ ಕಟ್ಟಿಕೊಟ್ಟು, ರೂಢಿಯಂತೆ "ಮತ್ತ ಬರ್ರಿ" ಅಂದುಬಿಟ್ಟು, ತಾವೇ ನಕ್ಕರು. ಅವರ ಹಿಂದೆಯೇ ಕಾಯಿ ಒಡೆದು ಶಟರ್ ಇಳಿಸಿದರು. ಓಣಿಗೆಲ್ಲ ಪೇಢೆ ಹಂಚಿದರು. ಪಾರ್ಸೆಲ್ಲಿನವನಿಗೂ ಕೊಟ್ಟರು.

ಉಳಿದ ಸರಕನ್ನು ಗದಗಿನ ವ್ಯಾಪಾರಿಯೊಬ್ಬರು ಒಯ್ಯುವುದೆಂದು ಮಾತಾಗಿತ್ತು. ಗಂಟುಗಳು ಒಳಗೆ ಕಟ್ಟಿಯೇ ಇದ್ದವು. ಅವರು ಬರುವ ಮುಂಚೆಯೇ ಒಂದು ಬೆಳಿಗ್ಗೆ, ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ, ಒಂದು ಟಂಟಂ ಗಾಡಿ ಬಂದು ನಿಂತಿತು. ಇಳಿದವನು ಗಜೇಂದ್ರಗಡದ ಆ ನೇಕಾರ. ಇಳಿಸಿದ ಶಟರಿನ ಮುಂದೆ ಬಂದು ನಿಂತ. ಸಪ್ಪಳ ಕೇಳಿ ಕಾಕಾ, ಚಿಗವ್ವ ಪಕ್ಕದ ಬಾಗಿಲಿಂದ ಹೊರಗೆ ಬಂದರು. ಕಾಕಾ ಅವನ ಮುಖ ನೋಡಿ, "ಯಾವಾಗ?" ಅಂದರು.

"ನಸಕನ್ಯಾಗ್ರಿ."

ಚಿಗವ್ವ ಕಾಕಾನ ತೋಳು ಹಿಡಿದಳು. "ಬಾಗಲಾ ಹಾಕೇವಲ್ರಿ. ಕಾಯಿ ಒಡದು ಹಾಕೇವಿ. ಮತ್ತ ತೆರೀಬ್ಯಾಡ್ರಿ."

ಕಾಕಾ ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಬಗ್ಗಿ, ಶಟರ್ ಎತ್ತಿದರು.

ನೇಕಾರ ಒಳಗೆ ಬರಲಿಲ್ಲ. "ಸಾವ್ಕಾರ್ರ, ಅಕೀ ನೇದದ್ದೊಂದು ನಿಮ್ಮ ಕಡೆ ಉಳದಿತ್ತಲ್ರಿ, ಕುಂಕುಮದ ಬಣ್ಣದ್ದು. ಜಲ್ಮ ಎಲ್ಲಾ ನೇದ್ಲು, ತನ್ನ ಕೈಯಾಂದು ತಾ ಒಮ್ಮೀನೂ ಉಡಲಿಲ್ಲ. ಅದನ್ನ ಉಡಿಸಿ ಕಳಸೋಣಂತ ಬಂದೆ."

ಕಾಕಾ ಮೇಲಿನ ಖಾಲಿ ಕಪಾಟನ್ನು ನೋಡಿದರು. "ಅದು ಹೋತೋ ತಮ್ಮಾ" ಅಂದರು. "ಮೊನ್ನಿ ಕೊಟ್ಟೆ. ಲಗ್ನದ ಹುಡುಗಿಗಿ."

ಅವನು ಮೆಟ್ಟಿಲ ಮೇಲೆ ಕೂತ. ಅಲ್ಲಿಂದಲೇ ಕೇಳಿದ, "ಹುಡುಗಿಗಿ ಒಪ್ಪಿತೇನ್ರಿ?"

"ಭಾಳ ಒಪ್ಪಿತು."

"ಅಕೀ ಇದ್ದಿದ್ರ ಇದನ್ನ ಕೇಳತಿದ್ಲು ನೋಡ್ರಿ."

ಕಾಕಾ ಒಳಗೆ ಹೋಗಿ ವ್ಯಾಪಾರಿಗೆಂದು ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ತಳದಿಂದ ಒಂದು ಹಸಿರು ಕೈಮಗ್ಗದ ಸೀರೆ ತೆಗೆದರು. "ತವರ ಕಡಿಯಿಂದ ಯಾರು ಬಂದಾರ?"

"ಯಾರು ಉಳದಾರ್ರಿ? ಅಣ್ಣ ತಮ್ಮ ಇಬ್ಬರೂ ಅಕೀಗಿಂತ ಮೊದಲ ಹೋದ್ರು."

ಕಾಕಾ ಸೀರೆಯನ್ನು ಕಾಗದದಲ್ಲಿ ಸುತ್ತಲಿಲ್ಲ, ಅವನ ಕೈಗೆ ಕೊಡಲೂ ಇಲ್ಲ. ಗೂಟದ ಮೇಲಿನ ಟೋಪಿ ತೆಗೆದು ಹಾಕಿಕೊಂಡರು. ಸೀರೆಯನ್ನು ಎದೆಗೆ ಅವುಚಿ ಹಿಡಿದು ಟಂಟಂ ಹತ್ತಿ, ನೇಕಾರನ ಪಕ್ಕದಲ್ಲಿ ಕೂತರು. ಗಜೇಂದ್ರಗಡದ ರಸ್ತೆಗೆ ತಿರುಗುವ ತನಕ ನಾವಿಬ್ಬರೂ ನೋಡುತ್ತ ನಿಂತೆವು.

ನನ್ನ ನಾಲಿಗೆ ಎಂದೂ ನನ್ನ ಮಾತು ಕೇಳಿದ್ದಲ್ಲ. "ಕಡೀ ಗಿರಾಕಿ ಮಣ್ಣಿನವರ ಆದ್ರಲ್ಲ ಚಿಗವ್ವ" ಅಂದೆ.

ಚಿಗವ್ವ ಎರಡೂ ಕೈಯಿಂದ ಶಟರನ್ನು ಕೆಳಗೆ ಎಳೆದಳು. "ಗಿರಾಕಿ ಎಲ್ಲಿ ಬಂದಿದ್ರು ಅಕ್ಕೋರ?" ಅಂದಳು. "ನಮ್ಮವರು ತಂಗಿ ಮಣ್ಣಿಗಿ ಹೊಂಟಾರ."